ನಿಂಬೆಹಣ್ಣನ್ನು ಕಂಡ ರಡಾರು

೨೦೧೩ನೆಯ ಇಸವಿ, ನನಗಾಗ ನಲವತ್ತೊಂದು ವರ್ಷ. ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಬೆತ್ತವಿಲ್ಲದೆ, ಆದರೆ ಬೆತ್ತಕ್ಕಿಂತ ಹೆಚ್ಚಿನ ನಿಷ್ಠುರತೆಯಿಂದ ಕಲಿಸುತ್ತಿದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು, ಹೆಂಡತಿಯ ಉದ್ಯೋಗದ ಜೊತೆಯಲ್ಲಿ ಸ್ವೀಡನ್ನಿಗೆ ಬಂದೆ. ಸೊಲ್ಲೆಂಟುನಾದಲ್ಲಿ ಮನೆ, ಪಕ್ಕದ ಕಿಸ್ತಾದಲ್ಲಿ ಅವಳ ಕಂಪನಿ. ಅವಳು ರಡಾರ್ ಇಂಜಿನಿಯರು. ಆ ಕಂಪನಿ ಹಡಗುಗಳಿಗೂ ವಿಮಾನ ನಿಲ್ದಾಣಗಳಿಗೂ ರಡಾರುಗಳನ್ನು ತಯಾರಿಸುತ್ತಿತ್ತು. ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಸೇನೆಗೆ ಬೇಕಾದ ಉಪಕರಣಗಳನ್ನೂ ತಯಾರಿಸುತ್ತಿತ್ತು.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಕಂಪನಿಯ ಹೆಸರನ್ನಾದರೂ ಹೇಳೋಣವೆಂದರೆ ಯಾವ ಹೆಸರನ್ನು ಹೇಳಬೇಕೆಂಬುದೇ ತೊಡಕು. ನಾವು ಬಂದ ಮೇಲೆ ಅದಕ್ಕೆ ಎರಡು ಸಲ ಹೊಸ ನಾಮಕರಣವಾಯಿತು, ಮೂರನೆಯ ಸಲ ಅದು ಎರಡು ಹೋಳಾಯಿತು.

ಅದರ ಚರಿತ್ರೆಯನ್ನು ನನಗೆ ಹೇಳಿಕೊಟ್ಟವರು ಸ್ವೀಡನ್ನಿನವರಲ್ಲ, ನನ್ನ ಮಾವನವರು. ಅವರು ಬೆಂಗಳೂರಿನ ಸರಕಾರಿ ರಡಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗನ ಸಂಸಾರದೊಡನೆ, ಮೊಮ್ಮಕ್ಕಳ ಗದ್ದಲದ ನಡುವೆ, ಬೆಂಗಳೂರಿನಲ್ಲಿಯೇ ಇದ್ದಾರೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕಾರ್ಖಾನೆ ಹಡಗಿನ ರಡಾರೊಂದನ್ನು ಇದೇ ಸ್ವೀಡಿಷ್ ಕಂಪನಿಯ ಪರವಾನಗಿ ಪಡೆದು ತಯಾರಿಸುತ್ತಿತ್ತು. ಕಲಿಸುವುದಕ್ಕೆಂದು ಅಲ್ಲಿಂದ ಇಬ್ಬರು ಬಂದಿದ್ದರಂತೆ. ಸ್ಟಾಕ್‌ಹೋಮಿನ ನೆಲಮಾಳಿಗೆಯೊಂದರಲ್ಲಿ ರೇಡಿಯೊ ಪೆಟ್ಟಿಗೆಗಳನ್ನು ಜೋಡಿಸುವುದರಿಂದ ಕಂಪನಿ ಆರಂಭವಾದದ್ದು, ಮಹಾಯುದ್ಧದಲ್ಲಿ ಹೊರಗಿನಿಂದ ಉಪಕರಣಗಳು ಬರುವುದು ನಿಂತಾಗ ತಾವೇ ರಡಾರು ಮಾಡಲು ಕಲಿತದ್ದು, ನಡುವೆ ಟೆಲಿವಿಷನ್ ಮಾಡಲು ಹೋಗಿ ಕೈಸುಟ್ಟುಕೊಂಡದ್ದು, ಇವನ್ನೆಲ್ಲ ಆ ಇಬ್ಬರು ಕಾಫಿಯ ಹೊತ್ತಿನಲ್ಲಿ ಹೇಳಿದ್ದರು, ಮಾವನವರು ಮರೆತಿರಲಿಲ್ಲ. ಕಂಪನಿಯ ಹಳೆಯ ಹೆಸರನ್ನು ಕೊರೆದ ಲೋಹದ ಫಲಕವೊಂದು ಅವರ ಮನೆಯ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕದಲ್ಲಿ, ಇಂದಿಗೂ ಇದೆ.

ನಾವು ಹೊರಟ ದಿನ ಅವರು ವಿಮಾನ ನಿಲ್ದಾಣದಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ನಿಮ್ಮ ಹೆಂಡ್ತಿ ಹೋಗ್ತಿರೋದು ಬರೀ ಕೆಲಸಕ್ಕಲ್ಲ ಕಣ್ರೀ. ನಮ್ಮ ಗುರುಗಳ ಮನೆಗೆ ಹೋಗ್ತಿದಾಳೆ. ನೀವು ಅಲ್ಲಿ ಹೋಗಿ ಎಲ್ಲರ ಮಾತಲ್ಲೂ ತಪ್ಪು ಹುಡುಕ್ತಾ ಕೂತ್ಕೋಬೇಡಿ."

"ಅವರ ಭಾಷೆ ಬಂದರೆ ತಾನೇ ಮಾವ, ತಪ್ಪು ಹುಡುಕೋದು" ಎಂದೆ.

"ನಿಮಗೆ ಬರದೇ ಇರೋ ಭಾಷೇಲೂ ಹುಡುಕ್ತೀರಿ ನೀವು" ಎಂದು ಅವರು ನಕ್ಕರು.

ಆ ವರ್ಷದ ಶರತ್ಕಾಲದಲ್ಲಿ ನಡೆದ ಒಂದು ಪ್ರಸಂಗದಿಂದ ಮುಂದಿನದೆಲ್ಲ ಹುಟ್ಟಿತು. ಮಾವನವರ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಪ್ರತಿಯೊಂದು ಯಂತ್ರಕ್ಕೂ ಕುಂಕುಮ, ಹೂವು. ಪರೀಕ್ಷೆಯ ಮೇಜಿನ ಕೆಳಗೆ ಒಂದು ನಿಂಬೆಹಣ್ಣು. ಹಬ್ಬದ ಹಿಂದಿನ ದಿನ ಅವರು ಫೋನಿನಲ್ಲಿ ಮಗಳಿಗೆ ಅದನ್ನು ನೆನಪಿಸಿದರು. ಅವಳು ಆಗ ಹೊಸದೊಂದು ಸಣ್ಣ ರಡಾರಿನ ಆಂಟೆನಾದ ಮೇಲೆ ಕೆಲಸ ಮಾಡುತ್ತಿದ್ದಳು. ಮಂಜು ಕವಿದ ಬಂದರುಗಳಲ್ಲಿ, ದೊಡ್ಡ ಹಡಗುಗಳ ಕಣ್ಣಿಗೆ ಬೀಳದ ಸಣ್ಣ ದೋಣಿಗಳನ್ನು ಗುರುತಿಸುವುದಕ್ಕಾಗಿ ಮಾಡುತ್ತಿದ್ದ ರಡಾರು ಅದು. ಕುಂಕುಮ ಹಚ್ಚುವ ಧೈರ್ಯ ಬರಲಿಲ್ಲವಂತೆ. ನಿಂಬೆಹಣ್ಣೊಂದನ್ನು ಮಾತ್ರ, ಪ್ರತಿಧ್ವನಿ ಏಳದಂತೆ ಗೋಡೆಗಳಿಗೆಲ್ಲ ಸ್ಪಂಜಿನ ಮೊನೆಗಳನ್ನು ಹಚ್ಚಿದ ಪರೀಕ್ಷಾ ಕೋಣೆಯಲ್ಲಿ, ಒಂದು ಮೊನೆಯ ಹಿಂದೆ ಇಟ್ಟು ಬಂದಳು. ಮತ್ತು ಮರೆತಳು.

ನಿಂಬೆಹಣ್ಣಿನ ತುಂಬ ನೀರು. ನೀರು ರಡಾರಿನ ಅಲೆಗಳನ್ನು ಹಿಂದಿರುಗಿಸುತ್ತದೆ. ಏನೂ ಕಾಣಬಾರದ ಕಡೆ ಅಳತೆಯಲ್ಲಿ ಒಂದು ಸಣ್ಣ ಉಬ್ಬು ಏಳತೊಡಗಿತು. ಆ ವಿಭಾಗದ ಹಿರಿಯ ಇಂಜಿನಿಯರರೊಬ್ಬರು ತಂತಿಗಳನ್ನು ಬದಲಾಯಿಸಿದರು, ಜೋಡಣೆಗಳನ್ನು ಬಿಚ್ಚಿ ಮತ್ತೆ ಬಿಗಿದರು, ಕೊನೆಗೆ ಆ ಮುಕ್ಕಾಲು ಆಳಿನಷ್ಟು ಎತ್ತರದ ಸ್ಪಂಜಿನ ಕಾಡಿನೊಳಕ್ಕೆ ಮಂಡಿಯೂರಿ ತೆವಳಿದರು. ಹೊರಗೆ ಬಂದಾಗ ಅವರ ಅಂಗೈಯಲ್ಲಿ ನಿಂಬೆಹಣ್ಣಿತ್ತು.

ಅವಳು ಸಂಜೆ ಮನೆಗೆ ಬಂದವಳು ಕೋಟು ಬಿಚ್ಚದೆಯೇ ನಡುಮನೆಯಲ್ಲಿ ಕುಳಿತಳು. "ಕೆಲಸ ಹೋಯ್ತು ಅಂದ್ಕೊಂಡೆ ರೀ. ಎಲ್ಲರ ಮುಂದೆ ಎತ್ತಿ ತೋರಿಸಿ 'ಇದು ಯಾರ ಫಿಕಾ?' ಅಂತ ಕೇಳಿದ್ರು." ಫಿಕಾ ಎಂದರೆ ಇಲ್ಲಿನವರು ದಿನಕ್ಕೆರಡು ಬಾರಿ ಎಲ್ಲರೂ ಸೇರಿ ಕುಡಿಯುವ ಕಾಫಿ ಮತ್ತು ತಿನ್ನುವ ತಿಂಡಿ.

"ನೀನು ಏನು ಹೇಳಿದೆ?"

"ನಿಜಾನೇ ಹೇಳ್ದೆ. ನಮ್ಮಪ್ಪನ ಫ್ಯಾಕ್ಟ್ರೀಲಿ ಹೀಗ್ ಮಾಡ್ತಾರೆ ಅಂತ. ಅವರು ಹಣ್ಣನ್ನ ಒಂದ್ಸಲ ತಿರುಗಿಸಿ ನೋಡಿದ್ರು. ಆಮೇಲೆ ಅಂದ್ರು, 'ನಾವು ಕಟ್ಟಿರೋದು ನಿಂಬೆಹಣ್ಣನ್ನ ನೋಡೋ ರಡಾರ್ ಅಂತ ನನಗೇ ಗೊತ್ತಿರ್ಲಿಲ್ಲ' ಅಂತ."

ಆ ಹಿರಿಯರು ಹೆಲ್ಸಿಂಗ್‌ಬೋರ್ಯ್‌ನವರು. ದಕ್ಷಿಣದ ಬಂದರಿನಲ್ಲಿ ಬೆಳೆದವರು, ಮಂಜಿನಲ್ಲಿ ದೋಣಿಗಳು ಕಾಣೆಯಾಗುವುದನ್ನು ಚಿಕ್ಕಂದಿನಲ್ಲಿ ಕಂಡವರು. ಅವರ ಸ್ವೀಡಿಷ್ ಭಾಷೆ ಸ್ಟಾಕ್‌ಹೋಮಿನವರಿಗೇ ಪೂರ್ತಿ ತಿಳಿಯುತ್ತಿರಲಿಲ್ಲ. ಆ ಕಾರಣಕ್ಕಾಗಿಯೇ ನನ್ನ ಹೆಂಡತಿಗೆ ಅವರಲ್ಲಿ ಸಲಿಗೆ ಬೆಳೆಯಿತೆಂದು ನನ್ನ ಊಹೆ. ಇಬ್ಬರೂ ನಿಧಾನವಾಗಿ, ಬಿಡಿಬಿಡಿಯಾಗಿ, ಒಬ್ಬರಿಗೊಬ್ಬರು ತಿಳಿಯುವಂತೆ ಮಾತನಾಡಬೇಕಾಗಿತ್ತು. ನಮ್ಮ ಮಗಳು ಅವರಿಗೆ ನಿಂಬೆ ತಾತ ಎಂದು ಹೆಸರಿಟ್ಟಳು.

ಮರುವರ್ಷದಿಂದ ನಿಂಬೆಹಣ್ಣು ಆ ವಿಭಾಗದ ಪದ್ಧತಿಯಾಯಿತು. ಆಯುಧಪೂಜೆಯ ವಾರದಲ್ಲಿ ರಡಾರನ್ನು ವ್ಯಾನಿಗೆ ಹೇರಿಕೊಂಡು ಹೆಲ್ಸಿಂಗ್‌ಬೋರ್ಯ್‌ಗೆ ಹೋಗುವರು. ಒಮ್ಮೆ ಶಾಲೆಗೆ ರಜೆಯಿತ್ತೆಂದು ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ನಿಂಬೆ ತಾತ ಬಂದರಿನ ಕಟ್ಟೆಯ ತುದಿಯಲ್ಲಿ ನಿಂತು, ಮೀನು ಹಿಡಿಯುವ ಗಾಳದ ಕೋಲನ್ನು ನೀರಿನ ಮೇಲಕ್ಕೆ ಚಾಚಿದ್ದರು. ದಾರದ ತುದಿಯಲ್ಲಿ ಮೀನಿನ ಬದಲಾಗಿ ನಿಂಬೆಹಣ್ಣು ತೂಗುತ್ತಿತ್ತು. ದೂರದಲ್ಲಿ ವ್ಯಾನಿನೊಳಗೆ ಪರದೆಯ ಮುಂದೆ ನನ್ನ ಹೆಂಡತಿ. ದಾರಿಹೋಕರು ನಿಂತು ನೋಡುತ್ತಿದ್ದರು. ಒಬ್ಬ ಮುದುಕಿ ಏನು ಹಿಡಿಯುತ್ತಿದ್ದೀರೆಂದು ಕೇಳಿದಳು.

"ಇಂಜಿನಿಯರನ್ನು" ಎಂದರು ತಾತ.

ಆಗ ವ್ಯಾನಿನೊಳಗಿಂದ, ಉತ್ಸಾಹದಲ್ಲಿ ಯಾವ ದೇಶದಲ್ಲಿದ್ದೇನೆಂಬುದನ್ನು ಮರೆತು, ಅವಳು ಕನ್ನಡದಲ್ಲಿ ಕೂಗಿದಳು: "ಕಾಣ್ತು!"

ತಾತನಿಗೆ ಅರ್ಥವಾಯಿತು. ಅವರೂ ಕೋಲನ್ನು ಮೇಲೆತ್ತಿ "ಕಾಣ್ತು!" ಎಂದು ಮರಳಿ ಕೂಗಿದರು. ಅವರು ಕಲಿತ ಒಂದೇ ಒಂದು ಕನ್ನಡದ ಮಾತು ಅದು. ಆಮೇಲೆ ಪ್ರತಿ ವರ್ಷವೂ ನಿಂಬೆಹಣ್ಣನ್ನು ಇನ್ನಷ್ಟು ದೂರದಲ್ಲಿ ತೂಗುಹಾಕುವರು. ಪ್ರತಿ ವರ್ಷವೂ ಆ ಕೂಗು ಇತ್ತಿಂದತ್ತ, ಅತ್ತಿಂದಿತ್ತ. ಭಾನುವಾರ ಮಾವನವರಿಗೆ ಫೋನಿನಲ್ಲಿ ವರದಿ. "ಎಷ್ಟು ದೂರಕ್ಕೆ ಕಾಣ್ತಮ್ಮ?" ಎಂದು ಅವರು ಕೇಳುವರು, ಬಳಿಕ ಅಪ್ಪ ಮಗಳಿಬ್ಬರೂ ನನಗೆ ತಿಳಿಯದ ವಿಷಯವನ್ನು ಗಂಟೆಗಟ್ಟಲೆ ಚರ್ಚಿಸುವರು.

ಈ ನಡುವೆ ಕಂಪನಿ ಕೈ ಬದಲಾಯಿಸಿತು. ಮೊದಲು ಇದೇ ಖಂಡದ ದಕ್ಷಿಣದ ಉದ್ಯಮ ಸಮೂಹವೊಂದು ಅದನ್ನು ಕೊಂಡಿತು. ಕೆಲವು ವರ್ಷಗಳ ಬಳಿಕ ಒಂದು ಹೂಡಿಕೆಯ ಸಂಸ್ಥೆ. ಹಾಗಾದಾಗಲೆಲ್ಲ ಊಟದ ಕೋಣೆಗೆ ಒಂದು ಅಗಲವಾದ ಕೇಕ್ ಬರುತ್ತಿತ್ತು, ಮೇಲೆ ಕೆನೆಯಲ್ಲಿ ಬರೆದ ಹೊಸ ಹೆಸರು. "ಹೆಸರು ಬಾಯಲ್ಲಿ ಕೂರೋ ಮುಂಚೆ ಹೊಟ್ಟೇಲಿ ಕೂರತ್ತೆ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಮಾವನವರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವರು ಪ್ರತಿ ಸಲವೂ ಕಂಪನಿಯನ್ನು ಷೋಕೇಸಿನ ಫಲಕದ ಮೇಲಿದ್ದ ಹೆಸರಿನಿಂದಲೇ ಕರೆದರು.

೨೦೨೨ರ ವಸಂತದಲ್ಲಿ ಮೂರನೆಯ ಕೇಕ್ ಬಂದಿತು. ಅಂದು ಎರಡು ಕೇಕುಗಳಿದ್ದವು. ಪೂರ್ವದಲ್ಲಿ ಯುದ್ಧ ಶುರುವಾಗಿತ್ತು. ಕಂಪನಿಯ ರಕ್ಷಣಾ ಭಾಗವನ್ನು ಒಂದು ದೊಡ್ಡ ಶಸ್ತ್ರಾಸ್ತ್ರ ಸಮೂಹ ಕೊಂಡುಕೊಂಡು ಕಿಸ್ತಾದಲ್ಲೇ ಉಳಿಸಿಕೊಂಡಿತು. ನಾಗರಿಕ ಭಾಗಕ್ಕೆ ಬೇರೊಂದು ಹೆಸರಿಟ್ಟು ಸೋಲ್ನಾದ ಬಾಡಿಗೆ ಕಚೇರಿಗೆ ಸಾಗಿಸುವುದೆಂದು ನಿಶ್ಚಯವಾಯಿತು. ಮಂಜಿನ ದೋಣಿಗಳ ರಡಾರು ನಾಗರಿಕ ಭಾಗದ್ದು. ಅದು ಸೋಲ್ನಾಕ್ಕೆ ಬರುತ್ತದೆಂದು ಎಲ್ಲರೂ ಭಾವಿಸಿದ್ದರು.

ಬರಲಿಲ್ಲ. ಕೊಂಡವರ ಕಡೆಯವರು ಹಳೆಯ ಅಳತೆಗಳನ್ನು ನೋಡುತ್ತಿದ್ದಾಗ ನಿಂಬೆಹಣ್ಣನ್ನು ಕಂಡರು. ಅಷ್ಟು ದೂರದಲ್ಲಿ, ಗಾಳಿಯಲ್ಲಿ ತೂಗುವ, ಮುಷ್ಟಿಗಿಂತ ಚಿಕ್ಕದಾದ, ಲೋಹವಲ್ಲದ ವಸ್ತುವೊಂದನ್ನು ಈ ರಡಾರು ನೋಡಬಲ್ಲುದಾದರೆ, ಬಾಂಬು ಹೊತ್ತು ಹಾರಿಬರುವ ಡ್ರೋನನ್ನೂ ನೋಡಬಲ್ಲುದು. ಅವಳ ರಡಾರು ರಕ್ಷಣಾ ಭಾಗಕ್ಕೆ ಸೇರಿತು. ಓಡಾಟದ ಹಜಾರದ ನಡುವೆ ಗಾಜಿನ ಬಾಗಿಲೊಂದು ಎದ್ದಿತು. ನಿಂಬೆ ತಾತ ಅತ್ತ, ಅವಳು ಇತ್ತ. ಏಕೆಂದರೆ ಆ ಬಾಗಿಲಿನ ಒಳಗೆ ಹೋಗುವವರು ಸ್ವೀಡನ್ನಿನ ಪ್ರಜೆಗಳಾಗಿರಬೇಕು, ಭದ್ರತಾ ವಿಚಾರಣೆಯಲ್ಲಿ ತೇರ್ಗಡೆಯಾಗಬೇಕು. ಅವಳದು ಭಾರತದ ಪಾಸ್‌ಪೋರ್ಟು.

ಸೋಲ್ನಾದಲ್ಲಿ ಅವಳಿಗೆ ರಸ್ತೆಯ ಕೂಡುದಾರಿಗಳಲ್ಲಿ ಕಾರುಗಳನ್ನು ಎಣಿಸುವ ಸಲಕರಣೆಯ ಕೆಲಸ ಕೊಟ್ಟರು. ಗೌರವದ ಕೆಲಸವೇ. ಆದರೆ ಅವಳು ಸಂಜೆ ಮನೆಗೆ ಬಂದು ಅದರ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಭಾನುವಾರದ ಫೋನಿನಲ್ಲಿ ಅಪ್ಪ ಮಗಳು ಹವಾಮಾನದ ಬಗ್ಗೆ ಮಾತನಾಡತೊಡಗಿದರು.

ಒಂದು ಭಾನುವಾರ ಅವಳೇ ಕೇಳಿದಳು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಲೇ ಎಂದು. ಭಾರತದ ಪೌರತ್ವವನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು. ಇನ್ನೊಂದು ದೇಶದ ಸೇನೆಗಾಗಿ ಎಂದು.

ಮಾವನವರು ತಮ್ಮ ಇಡೀ ವಯಸ್ಸನ್ನು ನಮ್ಮ ದೇಶದ ಹಡಗುಗಳ ಕಣ್ಣುಗಳನ್ನು ತಿದ್ದುವುದರಲ್ಲಿ ಕಳೆದವರು. ಸ್ವಾತಂತ್ರ್ಯ ದಿನದಂದು ಮೊಮ್ಮಕ್ಕಳನ್ನು ಎಬ್ಬಿಸಿ ಬಾವುಟಕ್ಕೆ ನಿಲ್ಲಿಸುವವರು.

"ರಡಾರ್ ಯಾರ್ದು?" ಎಂದರು.

"ನಂದು ಅಪ್ಪ."

"ಹಂಗಾದ್ರೆ ಅದು ಎಲ್ಲಿಗೆ ಹೋಗುತ್ತೋ ನೀನೂ ಹೋಗು. ಪಾಸ್‌ಪೋರ್ಟ್ ಬಣ್ಣ ನೋಡ್ಕೊಂಡು ನಿಂಬೆಹಣ್ಣು ಕಾಣಿಸ್ಕೊಳ್ಳಲ್ಲ ಕಣಮ್ಮ."

ಫೋನಿಟ್ಟ ಮೇಲೆ ಅವರು ಆ ದಿನ ಊಟ ಮಾಡಲಿಲ್ಲವೆಂಬುದು ಬಾಮೈದನಿಂದ ನಮಗೆ ತಡವಾಗಿ ತಿಳಿಯಿತು.

ಪೌರತ್ವದ ಕಾಯುವಿಕೆ ದೀರ್ಘವಾದದ್ದು. ೨೦೨೪ರ ವಸಂತದಲ್ಲಿ ಅದು ದೊರೆಯಿತು. ಮೇ ತಿಂಗಳಿನಲ್ಲಿ ನಾನು ಅವಳ ಜೊತೆಯಲ್ಲಿ ಭಾರತೀಯ ರಾಯಭಾರ ಕಚೇರಿಗೆ ಹೋದೆ. ಗಾಜಿನ ಕಿಂಡಿಯ ಹಿಂದೆ ಕುಳಿತಿದ್ದವರು ಹಳೆಯ ಪಾಸ್‌ಪೋರ್ಟನ್ನು ತೆಗೆದುಕೊಂಡು ರದ್ದಾಯಿತೆಂಬ ಮುದ್ರೆಯೊತ್ತಿ, ಅದರ ಮೂಲೆಯನ್ನು ಕತ್ತರಿಸಿ ಹಿಂದಿರುಗಿಸಿದರು. ಕತ್ತರಿಯ ಸದ್ದು ಎಲ್ಲ ಕತ್ತರಿಗಳ ಸದ್ದಿನಂತೆಯೇ ಇತ್ತು. ಹೊರಗೆ ಬಂದು ಅವಳು ಆ ಕತ್ತರಿಸಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತ ಬಸ್ಸಿಗೆ ಕಾದಳು. ಮನೆಯಲ್ಲಿ ಮಗಳು ಸ್ವೀಡಿಷಿನಲ್ಲಿ "ಅಭಿನಂದನೆಗಳು" ಎಂದಳು. ಅವಳು ಆಗ ಹದಿನೈದರ ಹುಡುಗಿ. ಅವಳಿಗೆ ಅದು ನಿಜವಾಗಿಯೂ ಅಭಿನಂದಿಸುವ ವಿಷಯವೇ ಆಗಿತ್ತು.

ಅವಳು ಕಿಸ್ತಾದಲ್ಲಿ ತನ್ನ ರಡಾರಿನ ಹುದ್ದೆಗೆ ಅರ್ಜಿ ಹಾಕಿದಳು. ಜೂನ್ ಕಳೆದ ಮೇಲೆ ಭದ್ರತಾ ವಿಚಾರಣೆಗೆ ಕರೆ ಬಂದಿತು. ಅಲ್ಲಿ ನಡೆದುದನ್ನು ಹೊರಗೆ ಹೇಳಬಾರದೆಂಬ ನಿಯಮವಿದೆ. ಅವಳು ನಿಯಮಗಳನ್ನು ಪಾಲಿಸುವವಳು. ಒಂದು ಮಾತನ್ನು ಮಾತ್ರ ಹೇಳಿದಳು.

"ಅಪ್ಪನ ಬಗ್ಗೆ ತುಂಬಾ ಇಂಟರೆಸ್ಟ್ ತೋರಿಸಿದ್ರು ರೀ. ಎಷ್ಟು ಖುಷಿ ಆಯ್ತು ಗೊತ್ತಾ! ಎಲ್ಲಾ ಹೇಳ್ದೆ. ಫ್ಯಾಕ್ಟ್ರಿ, ಲೈಸೆನ್ಸು, ಆ ಪ್ಲೇಟು, ಪ್ರತಿ ಭಾನುವಾರ ನಾವಿಬ್ರೂ ರಡಾರ್ ಬಗ್ಗೆ ಹರಟೆ ಹೊಡೀತಿದ್ದಿದ್ದು."

ಓದುವವರು ಅವಳನ್ನು ಪೆದ್ದಿ ಎನ್ನಬಾರದು. ಅವಳು ಬೆಳೆದ ಕಾರ್ಖಾನೆಯ ವಸತಿಯಲ್ಲಿ, ಅಪ್ಪ ಇಲ್ಲಿಯೇ ದುಡಿದವರು ಎಂಬ ಮಾತಿಗಿಂತ ದೊಡ್ಡ ಶಿಫಾರಸು ಇರಲಿಲ್ಲ. ಅಪ್ಪನ ಬೆಂಚಿನ ಮೇಲೆ ಮಗ, ಅಣ್ಣನ ವಿಭಾಗದಲ್ಲಿ ತಂಗಿ. ನಂಬಿಕೆ ಎಂಬುದು ಅಲ್ಲಿ ಮನೆತನದಿಂದ ಬರುತ್ತಿತ್ತು. ಗುರುಗಳ ಮನೆಯಲ್ಲಿಯೂ ಹಾಗೆಯೇ ಎಂದು ಅವಳು ಎಣಿಸಿದ್ದಳು. ನಾನೂ ಹಾಗೆಯೇ ಎಣಿಸಿದೆ. ಅವಳು ಹೇಳುತ್ತಿದ್ದಾಗ ತಲೆಯಾಡಿಸುತ್ತ ಕಾಫಿ ಸೋಸುತ್ತಿದ್ದೆ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂದಿತು. ಉತ್ತರ ಇನ್ನೂ ಬಂದಿರಲಿಲ್ಲ. ಅವಳು ನಿಂಬೆಹಣ್ಣನ್ನು ಕೊಂಡು ತಂದಳು. ದೇವರ ಮುಂದಿಟ್ಟು, ಅಲ್ಲಿಂದ ತೆಗೆದು ಫ್ರಿಜ್ಜಿನ ಬಾಗಿಲಿನಲ್ಲಿಟ್ಟಳು. ಯಾರೂ ಅದನ್ನು ಮುಟ್ಟಕೂಡದೆಂದು ಮಗಳಿಗೆ ತಾಕೀತು ಮಾಡಿದಳು. ಒಳಗೆ ಹೋಗುವ ದಿನ ತೆಗೆದುಕೊಂಡು ಹೋಗಬೇಕೆಂಬುದು ಅವಳ ಎಣಿಕೆ.

ಅದಾದ ಎರಡು ವಾರಕ್ಕೆ ನಿಂಬೆ ತಾತ ಸೋಲ್ನಾಕ್ಕೆ ಬಂದರು. ನಿಲ್ದಾಣದ ಬಳಿಯ ಕಾಫಿ ಅಂಗಡಿಯಲ್ಲಿ ನಾವು ಮೂವರೂ ಕುಳಿತೆವು. ಅವರು ಇಳಿದುಹೋಗಿದ್ದರು, ಕೊರಳಿಗೆ ಹೊಸ ಕಂಪನಿಯ ಪಟ್ಟಿ, ಅದರ ಗುರುತಿನ ಚೀಟಿಯನ್ನು ಅಂಗಿಯ ಜೇಬಿಗೆ ಸೇರಿಸಿದ್ದರು. ಮಗಳ ಶಾಲೆಯನ್ನು ವಿಚಾರಿಸಿದರು. ದಾಲ್ಚಿನ್ನಿಯ ಬನ್ನು ಮೊದಲಿನಷ್ಟು ಚೆನ್ನಾಗಿಲ್ಲವೆಂದರು. ಬೇಸಗೆಯ ಮನೆಯ ಮಾಡು ಸೋರುತ್ತಿದೆ ಎಂದರು. ಮಾತು ಎಲ್ಲ ಕಡೆಗೂ ಹೋಗಿ ಒಂದು ಕಡೆಗೆ ಮಾತ್ರ ಹೋಗಲಿಲ್ಲ.

"ಹೆಲ್ಸಿಂಗ್‌ಬೋರ್ಯ್‌ಗೆ ಹೋಗಿದ್ರಾ ಈ ಸಲ?" ಎಂದು ಅವಳು ಸ್ವೀಡಿಷಿನಲ್ಲಿ ಕೇಳಿದಳು.

ಅವರು ಕಪ್ಪನ್ನು ತಿರುಗಿಸಿದರು.

ಅವಳು ಸ್ವಲ್ಪ ಮುಂದಕ್ಕೆ ಬಾಗಿ, ಕನ್ನಡದಲ್ಲಿ, ಬಹಳ ಮೆತ್ತಗೆ ಕೇಳಿದಳು: "ಕಾಣ್ತಾ?"

ಅವರಿಗೆ ಅರ್ಥವಾಯಿತು. ಅದು ಅವರ ಮುಖದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹನ್ನೊಂದು ವರ್ಷಗಳ ಕೆಳಗೆ ಸ್ಪಂಜಿನ ಕಾಡಿನಿಂದ ತೆವಳಿಕೊಂಡು ಬಂದ ಆ ಮನುಷ್ಯ, ಎಲ್ಲವನ್ನೂ ಮೊದಲು ಅವಳಿಗೆ ಹೇಳುತ್ತಿದ್ದ ಆ ಮನುಷ್ಯ, ತುಟಿಗಳನ್ನು ಬಿಗಿದುಕೊಂಡು ಕಿಟಕಿಯ ಹೊರಗೆ ನೋಡಿದರು. ಆ ರಡಾರು ಏನನ್ನು ಕಾಣುತ್ತದೆ, ಎಷ್ಟು ದೂರಕ್ಕೆ ಕಾಣುತ್ತದೆ ಎಂಬುದು ಈಗ ರಹಸ್ಯ. ಅದನ್ನು ಕಟ್ಟಿದವಳಿಗೂ ಹೇಳುವಂತಿಲ್ಲ. ಅವರ ಕಣ್ಣಾಲಿಗಳು ಒದ್ದೆಯಾದವು. ಬಳಿಕ ಎದ್ದು ನಿಂತು ಅವಳ ತಲೆಯ ಮೇಲೆ, ನಮ್ಮ ಕಡೆಯ ಹಿರಿಯರಂತೆಯೇ, ಒಂದು ಕ್ಷಣ ಕೈಯಿಟ್ಟು ರೈಲಿಗೆ ಹೊರಟುಹೋದರು.

"ಪಾಪ, ಹೇಳೋಕಾಗಲ್ಲ ಅವರಿಗೆ" ಎಂದಳು ಅವಳು. "ಪರವಾಗಿಲ್ಲ. ನಾನು ಒಳಗೆ ಹೋದ್ಮೇಲೆ ನಾನೇ ನೋಡ್ಕೋತೀನಿ."

ಉತ್ತರ ಒಂದು ಶುಕ್ರವಾರ ಮಧ್ಯಾಹ್ನ ಬಂದಿತು. ಕಿಸ್ತಾದ ಭದ್ರತಾ ವಿಭಾಗದಿಂದ ದೂರವಾಣಿಯ ಕರೆ. ಆ ಹುದ್ದೆಗೆ ಅವಳನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದರು. ಕಾರಣವನ್ನು ತಿಳಿಸಲಾಗುವುದಿಲ್ಲ ಎಂದರು. ಮತ್ತೆ ಕೇಳಿಕೊಳ್ಳಲು ಅವಕಾಶವಿಲ್ಲ ಎಂದರು. ವಾರಾಂತ್ಯ ಚೆನ್ನಾಗಿರಲೆಂದು ಹಾರೈಸಿದರು. ಅವಳು ಸೋಲ್ನಾದ ಕಚೇರಿಯಿಂದ ಹೊತ್ತಿಗೆ ಮೊದಲೇ ಮನೆಗೆ ಬಂದಳು. ಹೊರಗೆ ಆಗಲೇ ಕತ್ತಲಾಗಿತ್ತು. ಸೊಲ್ಲೆಂಟುನಾದ ಕಿಟಕಿಗಳಲ್ಲೆಲ್ಲ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರಗಳು ಹೊತ್ತಿಕೊಂಡಿದ್ದವು.

ಬೆಂಗಳೂರಿಗೆ ಅವಳೇ ಫೋನು ಮಾಡಿದಳು. ಸುಳ್ಳು ಹೇಳೆಂದು ನಾನು ಸನ್ನೆ ಮಾಡಿದೆ. ಬೇರೆಯವರನ್ನು ತೆಗೆದುಕೊಂಡರಂತೆ ಎಂದು ಹೇಳಬಹುದಾಗಿತ್ತು. ಅವಳಿಗೆ ಅಪ್ಪನೊಡನೆ ರಡಾರಿನ ವಿಷಯದಲ್ಲಿ ಸುಳ್ಳಾಡಿ ರೂಢಿಯಿಲ್ಲ. ಏನು ಕೇಳಿದರು, ಏನು ಹೇಳಿದೆ ಎಂಬುದನ್ನು ಮಾವನವರು ಒಂದೆರಡು ಪ್ರಶ್ನೆಗಳಲ್ಲಿ ತಿಳಿದುಕೊಂಡರು. ನಮಗೆ ಹೊಳೆಯದಿದ್ದುದು ಅವರಿಗೆ ಹೊಳೆದುಬಿಟ್ಟಿತು. ಅದು ನಿಜವೋ ಅಲ್ಲವೋ ಯಾರಿಗೂ ಗೊತ್ತಿಲ್ಲ, ಎಂದೂ ಗೊತ್ತಾಗುವುದಿಲ್ಲ.

"ನಾನು ಬ್ಯಾಂಕಲ್ಲಿ ಗುಮಾಸ್ತ ಆಗಿದ್ದಿದ್ರೆ ನಿನಗೆ ಆಗ್ತಿತ್ತು ಕಣಮ್ಮ" ಎಂದರು.

"ಅಪ್ಪ, ಹಂಗೆಲ್ಲಾ ಅನ್ಬೇಡ."

"ಬ್ಯಾಂಕಿಂದೂ ಬಂದಿತ್ತು ಆಗ. ನಿಮ್ಮಮ್ಮ ಅದಕ್ಕೇ ಹೋಗಿ ಅಂದಿದ್ಲು. ನಾನೇ ರಡಾರು ಅಂತ ಹಠ ಹಿಡ್ದೆ."

"ಅಪ್ಪ, ನೀನು ರಡಾರ್ ಮಾಡಿಲ್ದಿದ್ರೆ ನಾನು ಮಾಡ್ತಿರ್ಲಿಲ್ಲ."

ಅತ್ತಲಿಂದ ಷೋಕೇಸಿನ ಗಾಜಿನ ಬಾಗಿಲು ಸರಿಯುವ ಸದ್ದು ಕೇಳಿಸಿತು. ಅದರ ಕಿರುಗುಟ್ಟುವಿಕೆ ನಮಗೆಲ್ಲ ಪರಿಚಿತ. ಬಾಮೈದ ಮರುದಿನ ಹೇಳಿದನು: ಫಲಕವನ್ನು ತೆಗೆದು ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕೆಂದರಂತೆ. ಅವನು ಹಾಕಲಿಲ್ಲ. ಅವರು ಮಲಗಿದ ಮೇಲೆ ಮತ್ತೆ ಗೊಂಬೆಗಳ ಪಕ್ಕದಲ್ಲಿಯೇ ಇಟ್ಟನಂತೆ.

ಫೋನಿಟ್ಟು ಅವಳು ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಬಾಗಿಲಿನಿಂದ ನಿಂಬೆಹಣ್ಣನ್ನು ತೆಗೆದಳು. ಸಿಪ್ಪೆ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಕ ನೋಡಿದಳು. ಮಣೆಯ ಮೇಲೆ ಒತ್ತಿ ಉರುಳಿಸಿ, ಎರಡು ಹೋಳು ಮಾಡಿ, ತಣ್ಣಗಾದ ಅನ್ನಕ್ಕೆ ಹಿಂಡಿ, ಚಿತ್ರಾನ್ನದ ಒಗ್ಗರಣೆ ಹಾಕಿದಳು.

"ಅದು ಮುಟ್ಟಬಾರದ್ದು ಅಲ್ವಾ ಅಮ್ಮ?" ಎಂದು ಮಗಳು ಕೇಳಿದಳು, ಬಹಳ ದಿನಗಳ ಮೇಲೆ ಕನ್ನಡದಲ್ಲಿ.

"ಈಗ ಮುಟ್ಟಬಹುದು" ಎಂದಳು. "ಕೂತ್ಕೊ, ಬಿಸಿ ಇದ್ದಾಗ್ಲೇ ತಿನ್ನು."

ಮೂವರೂ ಕುಳಿತು ಉಂಡೆವು. ಹುಳಿ ಸರಿಯಾಗಿತ್ತು. ಅಂದು ೨೦೨೪ನೆಯ ಇಸವಿಯ ನವೆಂಬರ್ ತಿಂಗಳಿನ ಇಪ್ಪತ್ತೊಂಬತ್ತನೆಯ ತಾರೀಖು.